ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ ಇದನ್ನೊಮ್ಮೆ ಓದಿ: ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕೋದು ಹೇಗೆ? ‘ಡಿ ಡ್ರೈವ್ ಸೇಫ್’ ಅಂತ ನಂಬಿದ್ರೆ ಕೆಟ್ಟಿರಿ!

ಹಾವೇರಿ: ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಸ್ಕ್ರೀನ್ ಒಡೆದಿಲ್ಲ, ಕೀಬೋರ್ಡ್ ಕೆಲಸ ಮಾಡುತ್ತೆ, ಬ್ಯಾಟರಿ ಒಂದೆರಡು ಗಂಟೆ ಬರುತ್ತೆ. ಆದರೆ ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅನ್ನೋ ಸೂಚನೆ ಪದೇ ಪದೇ ಬರ್ತಿದೆ. ರಿಪೇರಿ ಅಂಗಡಿಯಲ್ಲಿ ಕೇಳಿದ್ರೆ ‘ಇದಕ್ಕೆ 11 ಕೂರಲ್ಲ, ಹೊಸದು ತಗೊಳ್ಳಿ’ ಎಂಬ ಉತ್ತರ. ಡಿಗ್ರಿ ಓದುವ ಮಕ್ಕಳಿರುವ ಮನೆಗಳಲ್ಲಿ ಹೊಸ ಲ್ಯಾಪ್‌ಟಾಪ್ ಅಂದ್ರೆ ಸಣ್ಣ ಖರ್ಚಲ್ಲ.

ಹಾಗಂತ ಗಾಬರಿ ಬೇಡ. ಒಂದು ಪೆನ್‌ಡ್ರೈವ್ ಮತ್ತು ಒಂದು ಸಂಜೆಯ ಬಿಡುವು ಇದ್ದರೆ ಅದೇ ಲ್ಯಾಪ್‌ಟಾಪ್‌ಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ಓಡಿಸಬಹುದು. ಆದರೆ ಈ ಕೆಲಸದಲ್ಲಿ ಒಂದೇ ಒಂದು ತಪ್ಪು ಕ್ಲಿಕ್ ಆದ್ರೂ ಮದುವೆ ಫೋಟೋದಿಂದ ಹಿಡಿದು ಪ್ರಾಜೆಕ್ಟ್ ರಿಪೋರ್ಟ್‌ವರೆಗೆ ಎಲ್ಲವೂ ಹೋಗುತ್ತೆ. ಹಾಗಾಗಿ ಮೊದಲು ಪೂರ್ತಿ ಓದಿ, ಆಮೇಲೆ ಕೈ ಹಾಕಿ.

ಏನಿದು ಸಮಸ್ಯೆ?

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಲ್ಲಿಸಿದೆ. ಲ್ಯಾಪ್‌ಟಾಪ್ ಬಂದ್ ಆಗಲ್ಲ, ಆದರೆ ಮಾಮೂಲಿಯಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್ ಬರಲ್ಲ. ಬೀಗ ಹಳೆಯದಾಗಿದೆ, ಕಳ್ಳರ ಕೈಗೆ ದಿನಕ್ಕೊಂದು ಹೊಸ ಕೀಲಿ ಸಿಗ್ತಿದೆ ಅಂದುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡೋರಿಗೆ ಇದು ಅಪಾಯ. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿತ್ತು. ಅದು ತಾತ್ಕಾಲಿಕ ಏರ್ಪಾಡು ಅಷ್ಟೇ.

ವಿಂಡೋಸ್ 11 ಹಾಕಬೇಕು ಅಂದ್ರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು. ಹಳೆಯ ಲ್ಯಾಪ್‌ಟಾಪ್‌ಗಳು ಸಿಕ್ಕಿಬೀಳೋದು ಇಲ್ಲೇ.

ಎಲ್ಲರಿಗೂ ಲಿನಕ್ಸ್ ಬೇಕಾ?

ಬೇಡ. ಮೊದಲು ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಹಾಕಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಕೂರುತ್ತೆ ಅಂತ ಬಂದ್ರೆ ಉಚಿತವಾಗಿಯೇ ಅಪ್‌ಗ್ರೇಡ್ ಆಗಬಹುದು.

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಬೆರಳಚ್ಚು ಯಂತ್ರ ಇಟ್ಟುಕೊಂಡು ಸೇವಾ ಕೇಂದ್ರ ನಡೆಸುವವರು ಲಿನಕ್ಸ್‌ಗೆ ಹೋಗದಿರುವುದೇ ಒಳ್ಳೇದು. ಆ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ವಿಂಡೋಸ್‌ಗೇ ಮಾಡಿದಂಥವು. ಇಂಟರ್ನೆಟ್, ಇಮೇಲ್, ಆನ್‌ಲೈನ್ ಕ್ಲಾಸ್, ವಿಡಿಯೋ, ಟೈಪಿಂಗ್ ಇಷ್ಟೇ ಕೆಲಸ ಇದ್ದವರಿಗೆ ಲಿನಕ್ಸ್ ಧಾರಾಳ ಸಾಕು.

ಲಿನಕ್ಸ್‌ನಲ್ಲಿ ಹತ್ತಾರು ಬಗೆ ಇವೆ. ಹೊಸಬರಿಗೆ ‘ಲಿನಕ್ಸ್ ಮಿಂಟ್’ ಸುಲಭ. ಕೆಳಗೆ ಸ್ಟಾರ್ಟ್ ಮೆನು, ಮೂಲೆಯಲ್ಲಿ ಗಡಿಯಾರ, ನೋಡೋಕೆ ವಿಂಡೋಸ್ ಥರಾನೇ ಇರುತ್ತೆ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಆರಾಮ. ತೀರಾ ಹಳೇ ಯಂತ್ರ ಆಗಿದ್ರೆ ಇದರಲ್ಲೇ ‘ಎಕ್ಸ್ಎಫ್‌ಸಿಇ’ ಅನ್ನೋ ಹಗುರ ಆವೃತ್ತಿ ತಗೊಳ್ಳಿ.

ಮೊದಲ ಕೆಲಸ ಬ್ಯಾಕಪ್

ಅಂಗಡಿಯಲ್ಲಿ ‘ಫಾರ್ಮ್ಯಾಟ್’ ಮಾಡಿಸಿ ರೂಢಿ ಇರೋರಿಗೆ ಒಂದು ನಂಬಿಕೆ ಇದೆ: ‘ಸಿ ಡ್ರೈವ್ ಅಷ್ಟೇ ಹೋಗುತ್ತೆ, ಡಿ ಡ್ರೈವ್‌ನಲ್ಲಿ ಇಟ್ಟಿದ್ದು ಸೇಫ್.’ ಅಂಗಡಿಯವರು ಸಿ ಡ್ರೈವ್ ಮಾತ್ರ ಆರಿಸಿ ವಿಂಡೋಸ್ ಹಾಕ್ತಾರೆ, ಅದಕ್ಕೇ ಡಿ ಉಳಿಯುತ್ತೆ. ನಿಜ ಹೇಳಬೇಕಂದ್ರೆ ಸಿ, ಡಿ, ಇ ಅನ್ನೋದು ಬೇರೆ ಬೇರೆ ಪೆಟ್ಟಿಗೆಗಳಲ್ಲ. ಒಂದೇ ಹೊಲಕ್ಕೆ ಹಾಕಿದ ಬದುಗಳಿದ್ದಂತೆ. ಲಿನಕ್ಸ್ ಹಾಕುವಾಗ ‘ಇರೇಸ್ ಡಿಸ್ಕ್’ ಒತ್ತಿದ್ರೆ ಬದು ಸಮೇತ ಇಡೀ ಹೊಲವನ್ನೇ ಉಳುಮೆ ಮಾಡಿಬಿಡುತ್ತೆ. ಡಿ ಡ್ರೈವ್ ಕೂಡ ಹೋಗುತ್ತೆ.

ಆದ್ದರಿಂದ ಫೋಟೋ, ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್, ಪಹಣಿ ಪಿಡಿಎಫ್, ಪ್ರಾಜೆಕ್ಟ್ ಎಲ್ಲವನ್ನೂ ಬೇರೆ ಹಾರ್ಡ್‌ಡಿಸ್ಕ್‌ಗೋ ಇನ್ನೊಂದು ಪೆನ್‌ಡ್ರೈವ್‌ಗೋ ಕಾಪಿ ಮಾಡಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್ ಮರೆಯಬೇಡಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನಾಲ್ಕೈದು ಫೈಲ್ ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.

ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಥವಾ ‘ಬಿಟ್‌ಲಾಕರ್’ ಆನ್ ಇದೆಯಾ ಅಂತಲೂ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ಸೆಟ್ಟಿಂಗ್ ಬದಲಾದಾಗ ವಿಂಡೋಸ್ ಅದನ್ನೇ ಕೇಳಬಹುದು. ಆಗ ಕೀ ಇಲ್ಲದಿದ್ದರೆ ನಿಮ್ಮದೇ ಫೈಲ್ ನಿಮಗೇ ಸಿಗಲ್ಲ.

ಪೆನ್‌ಡ್ರೈವ್ ತಯಾರಿ

8 ಜಿಬಿ ಪೆನ್‌ಡ್ರೈವ್ ಇದ್ದರೆ ನಿಶ್ಚಿಂತೆ. ಅದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ, ಹಾಗಾಗಿ ಖಾಲಿ ಇರೋದನ್ನೇ ತಗೊಳ್ಳಿ.

ಲಿನಕ್ಸ್ ಮಿಂಟ್‌ನ ಅಧಿಕೃತ ವೆಬ್‌ಸೈಟ್‌ನಿಂದ ‘ಐಎಸ್ಒ’ ಫೈಲ್ ಡೌನ್‌ಲೋಡ್ ಮಾಡಿ. ಸುಮಾರು 3 ಜಿಬಿ ಇರುತ್ತೆ. ಟೆಲಿಗ್ರಾಮ್ ಗ್ರೂಪ್, ಗೊತ್ತಿಲ್ಲದ ಲಿಂಕ್ ಯಾವುದೂ ಬೇಡ. 2016ರ ಫೆಬ್ರುವರಿಯಲ್ಲಿ ಹ್ಯಾಕರ್‌ಗಳು ಮಿಂಟ್‌ನ ಸ್ವಂತ ವೆಬ್‌ಸೈಟ್‌ಗೇ ನುಗ್ಗಿ, ಕಳ್ಳಬಾಗಿಲು ಇಟ್ಟ ಫೈಲ್‌ನ ಲಿಂಕ್ ಹಾಕಿದ್ದರು. ಅದಕ್ಕೇ ವೆಬ್‌ಸೈಟ್‌ನಲ್ಲಿ ಫೈಲ್ ಅಸಲಿ ಹೌದೋ ಅಲ್ಲವೋ ಅಂತ ಪರೀಕ್ಷಿಸುವ ವಿಧಾನವನ್ನೂ ಕೊಟ್ಟಿರ್ತಾರೆ. ಅದನ್ನು ಮಾಡಿದ್ರೆ ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ದರೂ ಗೊತ್ತಾಗುತ್ತೆ.

ಫೈಲನ್ನು ಸುಮ್ಮನೆ ಪೆನ್‌ಡ್ರೈವ್‌ಗೆ ಕಾಪಿ ಪೇಸ್ಟ್ ಮಾಡಿದ್ರೆ ಆಗಲ್ಲ. ‘ರೂಫಸ್’ ಅನ್ನೋ ಉಚಿತ ಸಾಫ್ಟ್‌ವೇರ್ ತೆರೆದು, ಪೆನ್‌ಡ್ರೈವ್ ಆರಿಸಿ, ಐಎಸ್ಒ ಫೈಲ್ ತೋರಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಟ್ಟು ‘ಸ್ಟಾರ್ಟ್’ ಒತ್ತಿ. ಬೇರೆ ಪೆನ್‌ಡ್ರೈವ್ ಏನಾದ್ರೂ ಚುಚ್ಚಿದ್ದರೆ ಮೊದಲೇ ತೆಗೆದುಬಿಡಿ.

ಪೆನ್‌ಡ್ರೈವ್‌ನಿಂದ ಶುರು ಮಾಡೋದು ಹೇಗೆ?

ಪೆನ್‌ಡ್ರೈವ್ ಚುಚ್ಚಿ, ‘ಶಟ್‌ಡೌನ್’ ಬದಲು ‘ರೀಸ್ಟಾರ್ಟ್’ ಕೊಡಿ. ಕಂಪನಿ ಲೋಗೋ ಬರುವಾಗಲೇ ಬೂಟ್ ಮೆನು ಕೀ ಪಟಪಟನೆ ಒತ್ತುತ್ತಾ ಇರಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೀಗಳು:

– ಡೆಲ್, ಲೆನೊವೊ, ಏಸರ್: ಎಫ್12
– ಎಚ್‌ಪಿ: ಎಸ್ಕೇಪ್, ಆಮೇಲೆ ಎಫ್9
– ಆಸುಸ್ ಲ್ಯಾಪ್‌ಟಾಪ್: ಎಸ್ಕೇಪ್

ಕೆಲವು ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್2 ಒತ್ತಿ ಬಯಾಸ್‌ಗೆ ಹೋಗಿ ‘ಎಫ್12 ಬೂಟ್ ಮೆನು’ವನ್ನು ಮೊದಲು ಆನ್ ಮಾಡಬೇಕಾಗುತ್ತೆ. ಮೆನು ಬಂದ ಮೇಲೆ ಪೆನ್‌ಡ್ರೈವ್ ಹೆಸರು ಆರಿಸಿ ಎಂಟರ್ ಕೊಡಿ.

ಇನ್‌ಸ್ಟಾಲ್ ಮಾಡದೇನೇ ಓಡಿಸಿ ನೋಡಿ

ಸ್ವಲ್ಪ ಹೊತ್ತಿಗೆ ಮಿಂಟ್‌ನ ಡೆಸ್ಕ್‌ಟಾಪ್ ಬರುತ್ತೆ. ಇದು ಪೆನ್‌ಡ್ರೈವ್‌ನಿಂದಲೇ ಓಡ್ತಿರುತ್ತೆ, ನಿಮ್ಮ ವಿಂಡೋಸ್ ಇನ್ನೂ ಇದ್ದಲ್ಲೇ ಇದೆ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ, ಟಚ್‌ಪ್ಯಾಡ್ ಕೆಲಸ ಮಾಡ್ತಾವಾ, ಪ್ರಿಂಟರ್ ಹಿಡಿಯುತ್ತಾ ಎಲ್ಲ ನೋಡಿ. ಸರಿ ಬರಲಿಲ್ಲ ಅಂದ್ರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತುಬಿಡಿ, ಮೊದಲಿನ ಥರಾನೇ ಇರುತ್ತೆ.

ವಿಂಡೋಸ್ ಕೈಕೊಟ್ಟು ಆನ್ ಆಗದ ಲ್ಯಾಪ್‌ಟಾಪ್‌ಗೂ ಇದು ಉಪಯೋಗ. ಹಾರ್ಡ್‌ಡಿಸ್ಕ್ ಕೆಟ್ಟಿರದೆ, ಎನ್‌ಕ್ರಿಪ್ಷನ್ ಇಲ್ಲದಿದ್ದರೆ ಈ ಪೆನ್‌ಡ್ರೈವ್‌ನಿಂದ ಶುರು ಮಾಡಿ ಒಳಗಿನ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಬಹುದು. ಡೇಟಾ ತೆಗೆಸೋಕೆ ಅಂತ ದುಡ್ಡು ಕೊಡೋ ಮುಂಚೆ ಒಮ್ಮೆ ಪ್ರಯತ್ನಿಸಿ.

ಎಚ್ಚರ! ಕ್ಲಿಕ್ ಮಾಡೋ ಮುಂಚೆ ನಿಂತು ಓದಿ

ಎಲ್ಲ ಸರಿ ಇದ್ದರೆ ಡೆಸ್ಕ್‌ಟಾಪ್ ಮೇಲಿನ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಕ್ಲಿಕ್ ಮಾಡಿ. ಚಾರ್ಜರ್ ಹಾಕಿಯೇ ಇರಿ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಇಲ್ಲದೆ ಬೇಡ, ನಡುವೆ ಕರೆಂಟ್ ಹೋದ್ರೆ ಕೆಲಸ ಅರ್ಧಕ್ಕೆ ಕೆಡುತ್ತೆ. ಭಾಷೆ, ಕೀಬೋರ್ಡ್ ಕೇಳಿದ ಮೇಲೆ ‘ಇನ್‌ಸ್ಟಲೇಷನ್ ಟೈಪ್’ ಎಂಬ ಪುಟ ಬರುತ್ತೆ. ಅಲ್ಲಿ ಮುಖ್ಯವಾಗಿ ಎರಡು ದಾರಿ:

– ಇನ್‌ಸ್ಟಾಲ್ ಅಲಾಂಗ್‌ಸೈಡ್: ವಿಂಡೋಸ್ ಇಟ್ಟುಕೊಂಡೇ ಪಕ್ಕದಲ್ಲಿ ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತೆ. ಬಿಟ್‌ಲಾಕರ್ ಇದ್ದರೆ ವಿಂಡೋಸ್‌ನಲ್ಲಿ ಮೊದಲೇ ಆಫ್ ಮಾಡಿರಬೇಕು.
– ಇರೇಸ್ ಡಿಸ್ಕ್: ಆ ಡಿಸ್ಕ್‌ನಲ್ಲಿರೋ ವಿಂಡೋಸ್, ಸಿ, ಡಿ, ಇ ಎಲ್ಲಾ ಅಳಿಸಿ ಲಿನಕ್ಸ್ ಮಾತ್ರ.

ಅಲಾಂಗ್‌ಸೈಡ್ ಆಯ್ಕೆ ಕಾಣದಿದ್ದರೆ ‘ಇರಲಿ ಬಿಡು’ ಅಂತ ಇರೇಸ್ ಒತ್ತಬೇಡಿ. ಅಲ್ಲೇ ನಿಲ್ಲಿಸಿ, ಗೊತ್ತಿದ್ದವರನ್ನು ಕೇಳಿ. ಖಚಿತಪಡಿಸಿದ ಮೇಲೆ ಹಿಂದೆ ಬರೋಕಾಗಲ್ಲ.

ಆಮೇಲೆ ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯುವುದಷ್ಟೇ. ಈ ಪಾಸ್‌ವರ್ಡ್ ಮರೆಯಬೇಡಿ, ಹೊಸ ಸಾಫ್ಟ್‌ವೇರ್ ಹಾಕುವಾಗಲೂ ಇದನ್ನೇ ಕೇಳುತ್ತೆ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ನುಡಿ, ಕನ್ನಡ ಟೈಪಿಂಗ್ ಕಥೆ ಏನು?

‘ನುಡಿ’ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾಡಿದ್ದು. ಆದರೆ ಅದರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಕೀಬೋರ್ಡ್ ಲೇಔಟ್ ಸೆಟ್ಟಿಂಗ್‌ನಲ್ಲಿ ಕನ್ನಡದ ‘ಕಗಪ’ ಅನ್ನೋದನ್ನು ಸೇರಿಸಿಕೊಳ್ಳಿ. ಕಗಪ ಅಂದ್ರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯೋ ಕೆಲಸ ಅಷ್ಟಾಗಿ ಇರಲ್ಲ. ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲೇ ಬರುತ್ತೆ, ಹಾಗಾಗಿ ವಾಟ್ಸ್‌ಆ್ಯಪ್‌ಗೂ ಇಮೇಲ್‌ಗೂ ನೇರವಾಗಿ ಹಾಕಬಹುದು.

ಹಳೇ ನುಡಿ ಅಕ್ಷರದಲ್ಲಿ ಬರೆದ ಫೈಲ್‌ಗಳದ್ದು ಬೇರೆ ಕಥೆ. ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಏನೇನೋ ಚಿಹ್ನೆ ಕಾಣುತ್ತೆ. ಬ್ಯಾಕಪ್ ಮಾಡುವಾಗ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಲ್ಲಿರೋ ನುಡಿ ಫಾಂಟ್‌ಗಳನ್ನೂ ಕಾಪಿ ಮಾಡಿಟ್ಟುಕೊಂಡು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಓದೋಕೆ ಬರುತ್ತೆ. ವರ್ಡ್, ಎಕ್ಸೆಲ್ ಫೈಲ್ ತೆರೆಯೋಕೆ ಮಿಂಟ್ ಜೊತೆಗೇ ‘ಲಿಬ್ರೆಆಫೀಸ್’ ಬರುತ್ತೆ.

ವಿಂಡೋಸೇ ಬೇಕು ಅನ್ನೋರಿಗೆ

ಅಂಥವರೂ ‘ಕ್ರ್ಯಾಕ್’ ಹಾಕಿಸಬೇಕಿಲ್ಲ. ಕ್ರ್ಯಾಕ್ ಫೈಲ್ ಜೊತೆ ವೈರಸ್ ಬಂದು ಕೂರೋದು ಮಾಮೂಲು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲಿಂದ ಅಸಲಿ ವಿಂಡೋಸ್ ಇದ್ದರೆ, ಅದರ ಲೈಸೆನ್ಸ್ ಸಾಮಾನ್ಯವಾಗಿ ಆ ಯಂತ್ರಕ್ಕೇ ಜೋಡಣೆಯಾಗಿರುತ್ತೆ. ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಷನ್ ಟೂಲ್’ನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿ ಅದೇ ಎಡಿಷನ್ ಹಾಕಿದರೆ, ಇಂಟರ್ನೆಟ್ ಸಿಕ್ಕಾಗ ತಾನಾಗೇ ಆ್ಯಕ್ಟಿವೇಟ್ ಆಗುತ್ತೆ.

ಯಾವ ದಾರಿ ಹಿಡಿದರೂ ಬ್ಯಾಕಪ್ ತೆರೆದು ನೋಡೋವರೆಗೆ ಇನ್‌ಸ್ಟಾಲ್ ಬಟನ್ ಮುಟ್ಟಬೇಡಿ. ಲ್ಯಾಪ್‌ಟಾಪ್ ಇವತ್ತಲ್ಲ ನಾಳೆ ಇನ್ನೊಂದು ಬರುತ್ತೆ, ತೀರಿಹೋದ ಅಜ್ಜಿಯ ಫೋಟೋ ಇನ್ನೊಂದು ಸಲ ತೆಗೆಯೋಕಾಗಲ್ಲ.