ಕರು ಹುಟ್ಟಿತೇ? ಮೊದಲು ತೂಕ ನೋಡಿ
ಹಟ್ಟಿಯಲ್ಲಿ ದನ ಕರು ಹಾಕಿದರೆ ಗಂಡೋ ಹೆಣ್ಣೋ ಅಂತ ಎಲ್ಲರೂ ನೋಡ್ತಾರೆ, ತೂಕ ನೋಡುವವರು ಕಡಿಮೆ. ಆದರೆ ಕರುವಿಗೆ ಎಷ್ಟು ಗಿಣ್ಣು ಹಾಲು ಬೇಕೆಂದು ತಿಳಿಯುವುದು ತೂಕದಿಂದಲೇ.

ದೊಡ್ಡ ತಕ್ಕಡಿ ಬೇಡ. ತಾಯಿ ನೆಕ್ಕಿ ಒಣಗಿಸಿದ ಮೇಲೆ ಕರುವನ್ನು ಎತ್ತಿಕೊಂಡು ಮನೆಯ ತೂಕದ ಮಿಷನ್ ಮೇಲೆ ನಿಲ್ಲಿ. ಆಮೇಲೆ ನೀವೊಬ್ಬರೇ ನಿಲ್ಲಿ. ಮೊದಲು 84, ನಂತರ 60 ಬಂದರೆ ಕರು 24 ಕಿಲೋ. ಮೊದಲ ದಿನ ಇದರ ಹತ್ತನೇ ಒಂದು ಪಾಲು, ಅಂದರೆ ಸುಮಾರು ಎರಡೂವರೆ ಲೀಟರ್ ಗಿಣ್ಣು ಹಾಲು ಬೇಕು. ನಮ್ಮ ಕಾಸರಗೋಡು ಗಿಡ್ಡ ತಳಿಯ ಕರು ಇನ್ನೂ ಹಗುರ, ಅದಕ್ಕೆ ಕಡಿಮೆ ಸಾಕು. ಮೊದಲ ಸಲ ಎರಡು ಗಂಟೆಯೊಳಗೆ ಕುಡಿಸಿ.

ಕರುವಿಗೆ ರೋಗ ತಡೆಯುವ ಶಕ್ತಿ ಬರುವುದು ಈ ಹಾಲಿನಿಂದ. ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯ 24 ಗಂಟೆಯೊಳಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಗಿಣ್ಣು ಮಾಡಿ ನೆರೆಮನೆಗೆ ಹಂಚುವುದೆಲ್ಲ ಕರುವಿನ ಪಾಲು ಕೊಟ್ಟ ಮೇಲೆ.