ಧನುಷ್ಕೋಟಿಯ ಮರಳು ದಿಬ್ಬಗಳು

ರಾಮೇಶ್ವರಯಾತ್ರೆ ಕೈಗೊಂಡ ಕನ್ನಡಿಗರಲ್ಲಿ ಅನೇಕರು ಧನುಷ್ಕೋಟಿಯನ್ನೂ ಸಂದರ್ಶಿಸಿ ಬರುವುದುಂಟು. ಪಾಂಬನ್ ದ್ವೀಪದ ಆಗ್ನೇಯ ತುದಿಯಲ್ಲಿ, ಎರಡು ಕಡಲುಗಳ ನಡುವೆ ಚಾಚಿಕೊಂಡಿರುವ ಕಿರಿದಾದ ಮರಳಿನ ನಾಲಗೆಯೇ ಈ ಸ್ಥಳ. ಒಂದು ಪಕ್ಕದ ಪಾಕ್ ಕೊಲ್ಲಿಯನ್ನು ಅಲ್ಲಿಯ ಬೆಸ್ತರು ‘ಹೆಣ್ಣುಕಡಲು’ ಎಂದೂ, ಮತ್ತೊಂದು ಪಕ್ಕದ ಮನ್ನಾರ್ ಕೊಲ್ಲಿಯನ್ನು ‘ಗಂಡುಕಡಲು’ ಎಂದೂ ತಮ್ಮ ತಮಿಳು ನುಡಿಯಲ್ಲಿ ಕರೆಯುತ್ತಾರೆ.

1914ರಲ್ಲಿ ಪಾಂಬನ್ ಸೇತುವೆ ಸಿದ್ಧವಾದ ಮೇಲೆ ಧನುಷ್ಕೋಟಿಯವರೆಗೆ ರೈಲು ಬಂದಿತು. ಅಲ್ಲಿಂದ ಸಿಂಹಳದ ತಲೈಮನ್ನಾರಿಗೆ ಹಡಗು ಹೋಗುತ್ತಿತ್ತು. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತದಲ್ಲಿ ಕಡಲು ಉಕ್ಕಿ, ನೂರಕ್ಕೂ ಮಿಕ್ಕ ಪ್ರಯಾಣಿಕರಿದ್ದ ರೈಲುಬಂಡಿಯೂ ಊರೂ ನೀರುಪಾಲಾದವು. ಸರ್ಕಾರವು ಆ ನೆಲವನ್ನು ವಾಸಕ್ಕೆ ಅಯೋಗ್ಯವೆಂದು ಸಾರಿತು. ಆದರೂ ಬೆಸ್ತರು ಅಲ್ಲಿಗೇ ಹಿಂದಿರುಗಿ ಗುಡಿಸಲು ಕಟ್ಟಿದರು. ನಮ್ಮ ಕರಾವಳಿಯ ರಂಪಣಿಯಂತೆ ಅಲ್ಲಿಯೂ ದಡದಲ್ಲಿ ಸಾಲಾಗಿ ನಿಂತು ಬಲೆಯ ಹಗ್ಗವನ್ನು ಎರಡು ತುದಿಗಳಿಂದ ಎಳೆಯುವ ಪದ್ಧತಿಯಿದೆ.

ಸುತ್ತಲೂ ಉಪ್ಪುನೀರಿರುವ ಆ ಮರಳಿನಲ್ಲಿ ಅವರು ಕುಡಿದುದೇನು? ಇದಕ್ಕೆ ಉತ್ತರ ಮರಳಿನಲ್ಲಿಯೇ ಇದೆ. ದಿಬ್ಬದ ಮೇಲೆ ಬಿದ್ದ ಮಳೆ ಹರಿದು ಹೋಗದೆ ಒಳಗಿಳಿಯುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಕೆಲವೇ ಅಡಿ ಮರಳನ್ನು ತೋಡಿದರೆ ಊಟೆ ಜಿನುಗುತ್ತದೆ. ಹೆಂಗಸರು ಅದನ್ನು ಸ್ವಲ್ಪ ಸ್ವಲ್ಪವಾಗಿ ಮೊಗೆದು ಕೊಡ ತುಂಬುತ್ತಾರೆ. ಆತುರಪಟ್ಟು ಹೆಚ್ಚು ಸೇದಿದರೆ ಕೆಳಗಿನ ಉಪ್ಪುನೀರು ಮೇಲೇರಿ ಊಟೆ ಕೆಡುತ್ತದೆ. ಮಿತವೇ ಅಲ್ಲಿ ಜೀವನಸೂತ್ರ.

ಈ ದಿಬ್ಬಗಳನ್ನು ಕಟ್ಟಿ ನಿಲ್ಲಿಸುವವು ಅಲ್ಪವೆಂದು ತೋರುವ ಸಸ್ಯಗಳು. ನೇರಿಳೆ ಹೂವಿನ ಅಡುಂಬುಬಳ್ಳಿಯೂ, ‘ರಾವಣನ ಮೀಸೆ’ ಎಂಬ ಮುಳ್ಳುಹುಲ್ಲೂ ಬೇರುಗಳಿಂದ ಮರಳನ್ನು ಹಿಡಿದಿಡುತ್ತವೆ. ದಿಬ್ಬವು ಮಹಾಚಂಡಮಾರುತವನ್ನು ತಡೆಯಲಾರದು. 1964ರಲ್ಲಿ ತಡೆಯಲೂ ಇಲ್ಲ. ಆದರೆ ದಿನದಿನದ ಗಾಳಿ ಅಲೆಗಳಿಗೆ ಅದೇ ಗೋಡೆ, ಮಳೆನೀರಿಗೆ ಅದೇ ಕಣಜ.

2017ರಲ್ಲಿ ಧನುಷ್ಕೋಟಿಗೆ ಹೆದ್ದಾರಿ ತೆರೆಯಿತು. ಮರಳಿನಲ್ಲಿ ಪ್ರಯಾಸದಿಂದ ಸಾಗಬೇಕಾಗಿದ್ದಲ್ಲಿಗೆ ಈಗ ವಾಹನಗಳು ಸುಗಮವಾಗಿ ತಲಪುತ್ತವೆ. ಯಾತ್ರಿಕನು ಕುತೂಹಲದಿಂದ ದಿಬ್ಬವೇರಿ ಬಳ್ಳಿಯನ್ನು ತುಳಿದರೆ, ತುಳಿಯುವುದು ಇನ್ನೊಬ್ಬರ ಬಾವಿಯ ಕಟ್ಟೆಯನ್ನು. ಪಾಳುಬಿದ್ದ ಇಗರ್ಜಿಯ ಗೋಡೆಗಳನ್ನು ಕಂಡು ಮರುಗುವವರು, ಪಕ್ಕದಲ್ಲಿ ಕೊಡ ಹಿಡಿದು ಊಟೆಯ ಬಳಿ ಕಾದು ಕುಳಿತ ತಾಯಿಯನ್ನೂ ಕಾಣತಕ್ಕದ್ದು. ಅಳಿದ ಊರಿನ ಜೊತೆಗೆ ಉಳಿದ ಬಾಳನ್ನೂ ಗೌರವಿಸಿದಾಗಲೇ ಯಾತ್ರೆ ಸಾರ್ಥಕ.