ಮ್ಯಾಕ್ರೋ ಕಲಿಯೋಕೆ ಯಾವ ಪುಸ್ತಕ? ಮೊದಲು ನಿಮ್ಮ ಶೀಟ್ ನೋಡಿ

ಕುಕನೂರಿನಲ್ಲಿ ಡೇಟಾ ಎಂಟ್ರಿ ಮಾಡುವ ಪರಿಚಯದ ಹುಡುಗ ಮೊನ್ನೆ ಫೋನ್ ಮಾಡಿದ್ದ. ಹತ್ತಾರು ಹಳ್ಳಿಗಳ ಪಟ್ಟಿಯನ್ನು ಒಂದೇ ಶೀಟಿಗೆ ತರೋದು ಅವನ ಕೆಲಸ. ಎಂಟ್ರಿ ಲೆಕ್ಕದಲ್ಲಿ ಕೂಲಿ. ತಪ್ಪಾದರೆ ಮತ್ತೆ ಮಾಡಬೇಕು, ಅದಕ್ಕೆ ದುಡ್ಡಿಲ್ಲ. "ಅಣ್ಣಾ, ಮ್ಯಾಕ್ರೋ ಕಲೀಬೇಕು, ಯಾವ ಬುಕ್ ತಗೋಬೇಕ್ರಿ?" ಅಂದ.

ಒಂದು ಹಳೇ ಪುಸ್ತಕ ಆಗಲೇ ಕೊಂಡಿದ್ದಾನೆ. ಅದರ ಕೋಡ್ ಸಣ್ಣ ಪಟ್ಟಿಯಲ್ಲಿ ಓಡುತ್ತೆ, ದೊಡ್ಡದರಲ್ಲಿ 'ಓವರ್‌ಫ್ಲೋ' ಅಂತ ನಿಲ್ಲುತ್ತೆ. ಕಾರಣ ಸರಳ. ಸಾಲಿನ ಸಂಖ್ಯೆಗೆ ಪುಸ್ತಕ 'ಇಂಟಿಜರ್' ಬಳಸಿದೆ, ಅದರ ಮಿತಿ 32,767. ಎಕ್ಸೆಲ್ 2007ರಿಂದ ಶೀಟಿನಲ್ಲಿ 10,48,576 ಸಾಲುಗಳಿವೆ. ಅಲ್ಲಿ 'ಲಾಂಗ್' ಬೇಕು.

ಹಾಗಾಗಿ ಕೊಳ್ಳುವ ಮುನ್ನ ನಾಲ್ಕು ವಿಷಯ ನೋಡಿ.

ಒಂದು, ನಿಮ್ಮ ಕಂಪ್ಯೂಟರಿನಲ್ಲಿ ಇರೋದು ಯಾವ ಸಾಫ್ಟ್‌ವೇರ್? ಎಕ್ಸೆಲ್ ಇದ್ದರೆ ವಿಬಿಎ ಪುಸ್ತಕ. ಲಿಬ್ರೆಆಫೀಸ್ ಇದ್ದರೆ ಅದರ ಬೇಸಿಕ್ ಬೇರೆ. ಆಂಡ್ರ್ಯೂ ಪಿಟೊನ್ಯಾಕ್ ಅವರ ಮ್ಯಾಕ್ರೋ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತೆ.

ಎರಡು, 'ಆಪ್ಷನ್ ಎಕ್ಸ್‌ಪ್ಲಿಸಿಟ್' ಶುರುವಿನಲ್ಲೇ ಬರುತ್ತಾ? ಅದಿದ್ದರೆ ವೇರಿಯಬಲ್ ಹೆಸರಿನ ಸ್ಪೆಲ್ಲಿಂಗ್ ತಪ್ಪಿದಾಗ ಎಕ್ಸೆಲ್ಲೇ ಹಿಡಿದುಕೊಡುತ್ತೆ.

ಮೂರು, ಅಪಾಯದ ಮಾತು ಇದೆಯಾ? ಮ್ಯಾಕ್ರೋ ಅಳಿಸಿದ್ದನ್ನು 'ಅನ್‌ಡೂ' ವಾಪಸ್ ತರಲ್ಲ. ಫೈಲಿನ ನಕಲಿನ ಮೇಲೆ ಪ್ರಯೋಗಿಸಿ ಅಂತ ಹೇಳದ ಪುಸ್ತಕ ಬೇಡ. ಇನ್ನು 2022ರಿಂದ ಮೈಕ್ರೋಸಾಫ್ಟ್, ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗೇ ತಡೆಯುತ್ತೆ. ಹಳೇ ಪುಸ್ತಕಗಳಿಗೆ ಇದು ಗೊತ್ತಿಲ್ಲ.

ನಾಲ್ಕು, ಸೂಚಿಯಲ್ಲಿ ನಿಮ್ಮ ಕೆಲಸ ಹುಡುಕಿ. ಹಲವು ಫೈಲುಗಳನ್ನು ಒಂದಾಗಿಸೋದು, ಕೊನೆಯ ಸಾಲು ಪತ್ತೆ ಮಾಡೋದು ಇಲ್ಲದಿದ್ದರೆ ಎಂಟುನೂರು ಪುಟ ಇದ್ದೂ ಏನು ಪ್ರಯೋಜನ?

ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಮುಟ್ಟದ ನಮ್ಮ ಸಮಸ್ಯೆ ಒಂದಿದೆ. ಸೆಲ್‌ನಲ್ಲಿ ಚೆನ್ನಾಗಿ ಕಾಣುವ 'ಕುಕನೂರು' ವಿಬಿಎ ಎಡಿಟರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತೆ, ಏಕೆಂದರೆ ಆ ಎಡಿಟರ್‌ಗೆ ಯೂನಿಕೋಡ್ ಬರಲ್ಲ. ಪರಿಹಾರ ಸುಲಭ: ಊರ ಹೆಸರುಗಳನ್ನು ಬೇರೊಂದು ಶೀಟಿನಲ್ಲಿ ಬರೆದಿಟ್ಟು, ಕೋಡ್ ಅಲ್ಲಿಂದ ಓದಿಕೊಳ್ಳುವಂತೆ ಮಾಡಿ.

ಹುಡುಗನಿಗೆ ಹೊಸ ದಪ್ಪ ಪುಸ್ತಕ ಬೇಡ ಅಂದೆ. ಹಳೇ ಪುಸ್ತಕದಲ್ಲೇ 'ಇಂಟಿಜರ್' ಇದ್ದಲ್ಲೆಲ್ಲ ಪೆನ್ನಿನಿಂದ 'ಲಾಂಗ್' ಅಂತ ತಿದ್ದಿಕೊಂಡು, ಮೊದಲ ಐದು ಅಧ್ಯಾಯ ತನ್ನದೇ ಪಟ್ಟಿಯ ನಕಲಿನ ಮೇಲೆ ಮಾಡಲಿ. ಅಷ್ಟಾದ ಮೇಲೆ ಯಾವ ಪುಸ್ತಕ ಬೇಕು ಅನ್ನೋದು ಅವನಿಗೇ ಗೊತ್ತಾಗುತ್ತೆ.